ಒಡೆತನವೂ ಅಭಿಮಾನವೂ

ಮನುಷ್ಯನಿಗೂ ವಸ್ತುವಿಗೂ ಇರುವ ಸಂಬಂಧವು ಎರಡು ಬಗೆಯದು. ಒಂದು ಸ್ವಾಮ್ಯ, ಇನ್ನೊಂದು ಮಮತೆ. ಸ್ವಾಮ್ಯಕ್ಕೆ ಪತ್ರವುಂಟು, ಸಾಕ್ಷಿಯುಂಟು. ಮಮತೆಗೆ ಇವೆರಡೂ ಇಲ್ಲ. ಸ್ವಾಮ್ಯವುಳ್ಳವನು ತನ್ನ ವಸ್ತುವನ್ನು ಮಾರಬಲ್ಲನು. ಮಮತೆಯುಳ್ಳವನು ಮಾರಲೂ ಆರನು, ಬಿಡಲೂ ಆರನು. ಇವೆರಡೂ ಒಬ್ಬನಲ್ಲಿಯೇ ನೆಲೆಸಿರುವವರೆಗೆ ತೊಡಕಿಲ್ಲ. ಸ್ವಾಮ್ಯವು ಒಬ್ಬನಲ್ಲಿಯೂ ಮಮತೆಯು ಸಾವಿರಾರು ಮಂದಿಯಲ್ಲಿಯೂ ಹಂಚಿಹೋದಾಗ ಮಾತ್ರ ಒಂದು ವ್ಯಾಜ್ಯವು ಹುಟ್ಟುತ್ತದೆ. ಅದನ್ನು ತೀರಿಸುವ ನ್ಯಾಯಸ್ಥಾನವು ಎಲ್ಲಿಯೂ ಇಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಆಟದಲ್ಲಿ ಇಂಥ ವ್ಯಾಜ್ಯವು ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ. ಅಥ್ಲೆಟಿಕ್ಸ್ ಎಂಬ ತಂಡದ ಚರಿತ್ರೆಯಲ್ಲಂತೂ ಅದು ಮೊದಲಿನಿಂದ ಕಡೆಯವರೆಗೂ ಕಾಣಬರುತ್ತದೆ.

ಆ ಆಟವನ್ನು ಕಂಡರಿಯದ ವಾಚಕರ ಸಲುವಾಗಿ ಒಂದೆರಡು ಮಾತು ಅವಶ್ಯ. ಕ್ರಿಕೆಟ್ಟಿನಂತೆ ಇದೂ ಚೆಂಡು ದಾಂಡುಗಳ ಆಟವೇ. ಒಂದು ಪಕ್ಷಕ್ಕೆ ಒಂಬತ್ತು ಮಂದಿ. ಒಬ್ಬನು ಎಸೆದ ಚೆಂಡನ್ನು ಎದುರಾಳಿಯು ಉರುಟಾದ ದಾಂಡಿನಿಂದ ಹೊಡೆದು, ಮೈದಾನದಲ್ಲಿ ಗೊತ್ತುಮಾಡಿರುವ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟವೆನಿಸುವುದು. ಅಗ್ರಶ್ರೇಣಿಯ ತಂಡಗಳು ೩೦. ಒಂದೊಂದು ತಂಡವೂ ವರ್ಷಕ್ಕೆ ೧೬೨ ಪಂದ್ಯಗಳನ್ನಾಡುತ್ತದೆ. ವಸಂತದಿಂದ ಶರತ್ಕಾಲದವರೆಗೆ ಪ್ರಾಯಶಃ ನಿತ್ಯವೂ ಆಟವುಂಟು. ಹೀಗೆ ಆರು ತಿಂಗಳ ಕಾಲ ದಿನದಿನವೂ ಕೇಳುವ ಹೆಸರುಗಳು ಮನೆಯ ಮಕ್ಕಳ ಹೆಸರುಗಳಂತೆಯೇ ಬಾಯಿಗೆ ಬಂದುಬಿಡುವುವು. ಅಲ್ಲಿಯ ಅಭಿಮಾನದ ಬೇರು ಇರುವುದು ಈ ನಿತ್ಯಸಹವಾಸದಲ್ಲಿಯೇ.

ತಂಡವಾದರೋ ಒಬ್ಬ ಧನಿಕನ ಅಥವಾ ಕೆಲವು ಪಾಲುಗಾರರ ಸೊತ್ತು. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು ಎಂಬುದನ್ನು ನಿಶ್ಚಯಿಸುವ ಆಡಳಿತದ ಕಛೇರಿಯೊಂದಿದೆ. ಅದಕ್ಕೆ ಅಲ್ಲಿಯವರು ‘ಫ್ರಂಟ್ ಆಫೀಸ್’ ಎನ್ನುತ್ತಾರೆ. ಒಬ್ಬ ಆಟಗಾರನ ಕರಾರನ್ನು ಬೇರೊಂದು ತಂಡಕ್ಕೆ ವಹಿಸಿಕೊಟ್ಟು, ಅದಕ್ಕೆ ಬದಲಾಗಿ ಅಲ್ಲಿಯ ಆಟಗಾರರನ್ನು ಪಡೆಯುವುದು ಅಲ್ಲಿ ವಾಡಿಕೆ. ಸಾಮಾನ್ಯವಾಗಿ ಆಟಗಾರನ ಸಮ್ಮತಿಯನ್ನು ಕೇಳುವುದಿಲ್ಲ. ಅಭಿಮಾನಿಯ ಸಮ್ಮತಿಯ ಮಾತಂತೂ ಇಲ್ಲವೇ ಇಲ್ಲ. ನಿನ್ನೆ ತಮ್ಮವನೆಂದು ಕೂಗಿ ಕರೆದವನನ್ನು ಇಂದು ಎದುರಾಳಿಯ ಉಡುಪಿನಲ್ಲಿ ಕಾಣಬೇಕಾಗಿ ಬರುವುದು ಆ ದೇಶದ ಪ್ರತಿಯೊಬ್ಬ ಅಭಿಮಾನಿಯ ಹಣೆಯಲ್ಲಿ ಬರೆದಿದೆ.

ಅಥ್ಲೆಟಿಕ್ಸ್ ತಂಡವು ೧೯೦೧ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹುಟ್ಟಿತು. ಕೊನೀ ಮ್ಯಾಕ್ ಎಂಬಾತನು ಅಂದಿನಿಂದ ೧೯೫೦ರ ವರೆಗೆ, ಐವತ್ತು ವರ್ಷ, ಅದರ ಮೇಲ್ವಿಚಾರಕನಾಗಿದ್ದನು. ತಂಡದಲ್ಲಿ ಆತನಿಗೆ ಪಾಲೂ ಇದ್ದಿತು. ೧೯೧೦, ೧೯೧೧ ಮತ್ತು ೧೯೧೩ರಲ್ಲಿ ಆ ತಂಡವು ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಮಾಲೆಯನ್ನು ಗೆದ್ದಿತು. ಆಗ ಫೆಡರಲ್ ಲೀಗ್ ಎಂಬ ಹೊಸ ಕೂಟವೊಂದು ಎದ್ದು ಆಟಗಾರರಿಗೆ ಹೆಚ್ಚು ಸಂಬಳದ ಆಸೆಯನ್ನು ತೋರಿಸಿತು. ೧೯೧೪ರ ಪಂದ್ಯಮಾಲೆಯಲ್ಲಿ ಸೋತ ಮೇಲೆ ಮ್ಯಾಕನು ತನ್ನ ಉತ್ತಮರಾದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕೊಟ್ಟನು. ಎಡ್ಡಿ ಕಾಲಿನ್ಸನನ್ನು ೫೦,೦೦೦ ಡಾಲರಿಗೆ ಶಿಕಾಗೋ ತಂಡಕ್ಕೆ ಮಾರಿದನು. ಫಲವೇನಾಯಿತು? ೧೯೧೫ರಲ್ಲಿ ೧೦೯ ಸೋಲು. ೧೯೧೬ರಲ್ಲಿ ೩೬ ಗೆಲವು, ೧೧೭ ಸೋಲು. ಏಳು ವರ್ಷಗಳ ಕಾಲ ತಂಡವು ಕಟ್ಟಕಡೆಯ ಸ್ಥಾನವನ್ನು ಬಿಟ್ಟು ಮೇಲೇಳಲಿಲ್ಲ. ಮುಂದೆ ಅದೇ ಮ್ಯಾಕನು ಮತ್ತೊಂದು ಮಹಾತಂಡವನ್ನು ಕಟ್ಟಿ ೧೯೨೯, ೧೯೩೦ರಲ್ಲಿ ಪುನಃ ವಿಜಯಿಯಾದನು. ಅನಂತರ ಬಂದ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಮನ್ಸ್, ಗ್ರೋವ್, ಕಾಕ್ರನ್, ಫಾಕ್ಸ್ ಎಂಬ ಮಹಾ ಆಟಗಾರರೆಲ್ಲರೂ ಮಾರಾಟವಾಗಿ ಹೋದರು. ಮ್ಯಾಕನ ಪಕ್ಷವನ್ನು ಹಿಡಿದು ಇಷ್ಟು ಹೇಳಬಹುದು: ಆತನಿಗೆ ಬೇಸ್‌ಬಾಲನ್ನು ಬಿಟ್ಟು ಬೇರೆ ಜೀವನೋಪಾಯವಿರಲಿಲ್ಲ. ಹಸಿದವನು ಮನೆಯ ಪಾತ್ರೆಯನ್ನು ಮಾರಿದರೆ ಲೋಕವು ಮರುಗುತ್ತದೆ, ದೂರುವುದಿಲ್ಲ.

೧೯೫೫ರಲ್ಲಿ ತಂಡವು ಕಾನ್ಸಸ್ ಸಿಟಿಗೆ ಹೋಯಿತು. ಅಲ್ಲಿದ್ದ ಹದಿಮೂರು ವರ್ಷಗಳಲ್ಲಿ ಒಂದು ವರ್ಷವಾದರೂ ಸೋಲಿಗಿಂತ ಗೆಲವು ಹೆಚ್ಚಾಗಲಿಲ್ಲ. ಒಳ್ಳೆಯ ಆಟಗಾರನೊಬ್ಬನು ತಲೆಯೆತ್ತಿದನೆಂದರೆ ಅವನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಹೋಗುವುದು ಸಾಮಾನ್ಯವಾಗಿತ್ತು. ರಾಜರ್ ಮ್ಯಾರಿಸನನ್ನು ೧೯೫೯ರ ಡಿಸೆಂಬರಿನಲ್ಲಿ ಹಾಗೆಯೇ ಕಳುಹಿಸಿಕೊಟ್ಟರು. ೧೯೬೧ರಲ್ಲಿ ಅವನು ಅಲ್ಲಿ ೬೧ ಹೋಮ್ ರನ್‌ಗಳನ್ನು ಹೊಡೆದು ಬೇಬ್ ರೂತನ ಪ್ರಸಿದ್ಧವಾದ ೬೦ರ ಎಣಿಕೆಯನ್ನು ದಾಟಿದನು. ತಾವು ನೀರೆರೆದ ಗಿಡದ ಹಣ್ಣು ನೆರೆಮನೆಯವರ ಪಾಲಾದುದನ್ನು ಕಾನ್ಸಸ್ ಸಿಟಿಯ ಜನರು ನೋಡುತ್ತ ನಿಂತರು.

ಚಾರ್ಲ್ಸ್ ಫಿನ್ಲಿ ಎಂಬ ಒಡೆಯನು ೧೯೬೮ರಲ್ಲಿ ತಂಡವನ್ನು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರಕ್ಕೆ ತಂದನು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಈಚೆಯ ದಡದಲ್ಲಿರುವ ಈ ಊರು ಬಂದರಿನ ದುಡಿಮೆಗಾರರ ಊರು. ಇಲ್ಲಿ ತಂಡಕ್ಕೆ ಭಾಗ್ಯೋದಯವಾಯಿತು. ೧೯೭೨, ೧೯೭೩, ೧೯೭೪, ಹೀಗೆ ಒಂದರ ಮೇಲೊಂದರಂತೆ ಮೂರು ವರ್ಷ ಅದು ಜಗಜ್ಜೇತೃವೆನಿಸಿತು. ಆದರೆ ೧೯೭೫ರ ಕೊನೆಯಲ್ಲಿ ಒಂದು ಪಂಚಾಯಿತಿಯ ತೀರ್ಪಿನಿಂದ ಆಟಗಾರರಿಗೆ ತಮ್ಮ ಇಷ್ಟದ ತಂಡವನ್ನು ಸೇರುವ ಹಾದಿಯು ತೆರೆಯಿತು. ಹೆಚ್ಚಿನ ಸಂಬಳವನ್ನು ಕೊಡಲೊಲ್ಲದ ಫಿನ್ಲಿಯು ೧೯೭೬ರ ಜೂನ್ ೧೫ರಂದು ಜೋ ರೂಡಿ, ರಾಲೀ ಫಿಂಗರ್ಸ್ ಎಂಬವರನ್ನು ತಲೆಗೆ ಹತ್ತು ಲಕ್ಷ ಡಾಲರಿನಂತೆ ಬಾಸ್ಟನ್ನಿಗೂ, ವೈಡಾ ಬ್ಲೂ ಎಂಬವನನ್ನು ಹದಿನೈದು ಲಕ್ಷಕ್ಕೆ ನ್ಯೂಯಾರ್ಕಿಗೂ ಮಾರಿದನು. ಆಟದ ಕಮಿಷನರಾಗಿದ್ದ ಬೋವೀ ಕೂನನು ಮೂರು ದಿನಗಳಲ್ಲಿಯೇ, ಇದು ಬೇಸ್‌ಬಾಲಿನ ಹಿತಕ್ಕೆ ವಿರುದ್ಧವೆಂದು ಹೇಳಿ ಆ ಕ್ರಯವನ್ನು ರದ್ದುಮಾಡಿದನು. ಫಿನ್ಲಿಯು ನ್ಯಾಯಾಲಯಕ್ಕೆ ಹೋಗಿ ಸೋತನು. ಒಡೆತನಕ್ಕೂ ಒಂದು ಮೇರೆಯುಂಟೆಂಬ ಮಾತು ಆ ಆಟದ ಚರಿತ್ರೆಯಲ್ಲಿ ಇಷ್ಟು ಸ್ಪಷ್ಟವಾಗಿ ಕೇಳಿಬಂದುದು ಅಪರೂಪವೇ ಸರಿ. ಆದರೂ ಆ ವರ್ಷ ಕಳೆದೊಡನೆ ಆಟಗಾರರು ಸ್ವತಂತ್ರರಾಗಿ ಹೊರಟುಹೋದರು. ೧೯೭೯ರಲ್ಲಿ ತಂಡವು ೧೦೮ ಪಂದ್ಯಗಳನ್ನು ಸೋತಿತು. ವರ್ಷವಿಡೀ ಬಂದ ಪ್ರೇಕ್ಷಕರು ೩,೦೬,೭೬೩ ಮಾತ್ರ.

ಓಕ್ಲೆಂಡಿನ ಜನರಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ಆಗ ಹೇಳಿದವರುಂಟು. ಆ ಮಾತಿಗೆ ಉತ್ತರವು ಹತ್ತು ವರ್ಷಗಳಲ್ಲಿ ತಾನಾಗಿಯೇ ದೊರೆಯಿತು. ೧೯೮೦ರಲ್ಲಿ ವಾಲ್ಟರ್ ಹಾಸ್ ಎಂಬ ಮಹಾಶಯನು ತಂಡವನ್ನು ಕೊಂಡನು. ಲೀವೈ ಸ್ಟ್ರಾಸ್ ಎಂಬ ಉಡುಪಿನ ಕಂಪೆನಿಯ ಮನೆತನದವನಾದ ಈತನು ಆಟಗಾರರಿಗೆ ಸಂಬಳವನ್ನೂ ಊರಿಗೆ ಮರ್ಯಾದೆಯನ್ನೂ ಕೊಟ್ಟನು. ೧೯೮೮ರಿಂದ ೧೯೯೦ರ ವರೆಗೆ ಮೂರು ವರ್ಷವೂ ತಂಡವು ಅಂತಿಮ ಪಂದ್ಯಮಾಲೆಯನ್ನು ಮುಟ್ಟಿತು. ೧೯೮೯ರಲ್ಲಿ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೋ ತಂಡದೊಡನೆ ಸೆಣಸುತ್ತಿದ್ದಾಗ, ಅಕ್ಟೋಬರ್ ೧೭ರಂದು ಮೂರನೆಯ ಪಂದ್ಯವು ತೊಡಗುವುದಕ್ಕೆ ಸ್ವಲ್ಪ ಮುಂಚೆ ಮಹಾ ಭೂಕಂಪವಾಗಿ ಆಟವು ನಿಂತಿತು. ಮುಂದೆ ಹತ್ತು ದಿನಗಳ ಮೇಲೆ ಆಡಿ ಅಥ್ಲೆಟಿಕ್ಸ್ ತಂಡವೇ ಗೆದ್ದಿತು. ೧೯೯೦ರಲ್ಲಿ ಅದೇ ಮೈದಾನಕ್ಕೆ ಬಂದ ಪ್ರೇಕ್ಷಕರು ೨೯ ಲಕ್ಷ. ಊರು ಅದೇ, ಗೋಡೆಗಳು ಅವೇ. ಬದಲಾದವನು ಒಡೆಯನು ಮಾತ್ರ.

ಇಷ್ಟರಿಂದ ಆಟಗಾರರನ್ನು ಬಿಟ್ಟುಕೊಡುವುದೆಲ್ಲವೂ ದ್ರೋಹವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಅಭಿಮಾನಿಯ ಕಣ್ಣು ಇಂದಿನ ಪಂದ್ಯದ ಮೇಲೆ. ಕಛೇರಿಯವರ ಕಣ್ಣು ಮೂರು ವರ್ಷಗಳಾಚೆಗೆ ಇರಬೇಕಾಗುತ್ತದೆ. ೨೦೦೧ರ ಕೊನೆಯಲ್ಲಿ ಜೇಸನ್ ಜಿಯಾಂಬಿ ಎಂಬ ಪ್ರಬಲ ದಾಂಡಿಗನು ಹೆಚ್ಚಿನ ಸಂಬಳಕ್ಕೆ ನ್ಯೂಯಾರ್ಕಿಗೆ ಹೊರಟುಹೋದಾಗ ಓಕ್ಲೆಂಡಿನವರು ಎಲ್ಲವೂ ಮುಗಿಯಿತೆಂದುಕೊಂಡರು. ಕಛೇರಿಯ ಮುಖ್ಯಸ್ಥನಾಗಿದ್ದ ಬಿಲ್ಲಿ ಬೀನನು ಇತರರು ಕಡೆಗಣಿಸಿದ್ದ ಆಟಗಾರರನ್ನು ಲೆಕ್ಕಾಚಾರದಿಂದ ಹುಡುಕಿ ತಂದನು. ೨೦೦೨ರಲ್ಲಿ ಆ ಬಡತಂಡವು ಸತತವಾಗಿ ೨೦ ಪಂದ್ಯಗಳನ್ನು ಗೆದ್ದು, ಒಟ್ಟು ೧೦೩ ಗೆಲವುಗಳನ್ನು ಸಂಪಾದಿಸಿತು. ಮೈಕೇಲ್ ಲೂಯಿಸ್ ೨೦೦೩ರಲ್ಲಿ ಬರೆದ ‘ಮನಿಬಾಲ್’ ಎಂಬ ಗ್ರಂಥವು ಈ ಕಥೆಯನ್ನು ಲೋಕಪ್ರಸಿದ್ಧವನ್ನಾಗಿ ಮಾಡಿತು. ಅದೇ ಬೀನನ ಕಾಲದಲ್ಲಿ, ೨೦೧೪ರ ನವೆಂಬರಿನಲ್ಲಿ, ಜಾಷ್ ಡೊನಾಲ್ಡ್‌ಸನ್ ಎಂಬ ಆಟಗಾರನನ್ನು ಟೊರಾಂಟೋ ನಗರಕ್ಕೆ ಕೊಟ್ಟುಬಿಟ್ಟರು. ಮರುವರ್ಷವೇ ಅವನು ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದನು. ಎಂದ ಮೇಲೆ, ಜಾಣರೂ ಎಡವುತ್ತಾರೆ. ಅಭಿಮಾನಿಯ ಸಿಟ್ಟು ಒಮ್ಮೆ ತಪ್ಪಾಗಬಹುದು, ಒಮ್ಮೆ ಸರಿಯಾಗಬಹುದು. ಆದರೆ ಇವೆರಡು ಪ್ರಸಂಗಗಳಲ್ಲಿಯೂ ಕಛೇರಿಯವರ ಉದ್ದೇಶವು ಗೆಲ್ಲಬೇಕೆಂಬುದೇ ಆಗಿತ್ತು. ಗುರಿಯು ಒಂದೇ ಆಗಿರುವಾಗ ದಾರಿಯ ವಿಷಯದಲ್ಲಿ ಬರುವ ಜಗಳವು ಮನೆಯೊಳಗಿನ ಜಗಳದಂತೆ. ಊಟದ ಹೊತ್ತಿಗೆ ಅದು ತಣ್ಣಗಾಗುತ್ತದೆ.

ತಣ್ಣಗಾಗದ ಜಗಳವು ಆಮೇಲೆ ಬಂದಿತು. ೨೦೦೫ರಲ್ಲಿ ತಂಡವನ್ನು ಕೊಂಡ ಪಾಲುಗಾರರಲ್ಲಿ ಜಾನ್ ಫಿಷರ್ ಒಬ್ಬನು; ೨೦೧೬ರ ಕೊನೆಯಿಂದ ಆಡಳಿತದ ಸಂಪೂರ್ಣ ಹಿಡಿತವು ಆತನದಾಯಿತು. ಈತನೂ ಉಡುಪಿನ ವ್ಯಾಪಾರದಿಂದ ಬೆಳೆದ ಮನೆತನದವನೇ. ಗ್ಯಾಪ್ ಎಂಬ ಕಂಪೆನಿಯನ್ನು ಸ್ಥಾಪಿಸಿದವರು ಈತನ ತಂದೆತಾಯಿಗಳು. ಕೊನೀ ಮ್ಯಾಕನಿಗಿದ್ದ ಬಡತನದ ಸಮಾಧಾನವು ಇಲ್ಲಿ ಸಲ್ಲದು. ೨೦೧೮ರಲ್ಲಿ ೯೭, ೨೦೧೯ರಲ್ಲಿ ೯೭, ೨೦೨೧ರಲ್ಲಿ ೮೬ ಪಂದ್ಯಗಳನ್ನು ಗೆದ್ದ ಒಳ್ಳೆಯ ತಂಡವೊಂದು ಆಗ ಓಕ್ಲೆಂಡಿನಲ್ಲಿದ್ದಿತು. ೨೦೨೨ರ ಮಾರ್ಚಿ ನಡುವಿನಿಂದ ಏಪ್ರಿಲ್ ಮೊದಲ ವಾರದೊಳಗಾಗಿ ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕಿಗೆ, ಮ್ಯಾಟ್ ಓಲ್ಸನ್ ಅಟ್ಲಾಂಟಾಕ್ಕೆ, ಮ್ಯಾಟ್ ಚಾಪ್‌ಮನ್ ಟೊರಾಂಟೋಗೆ, ಶಾನ್ ಮನಾಯ ಸ್ಯಾನ್ ಡಿಯಾಗೋಗೆ, ಹೀಗೆ ತಂಡದ ಕಂಬಗಳು ಒಂದೊಂದಾಗಿ ಕಿತ್ತುಹೋದುವು. ಆ ವರ್ಷ ೧೦೨ ಸೋಲು, ಮರುವರ್ಷ ೧೧೨. ೨೦೨೨ರಲ್ಲಿ ಪ್ರೇಕ್ಷಕರ ಸಂಖ್ಯೆಯು ಎಂಟು ಲಕ್ಷಕ್ಕಿಂತ ಕೆಳಗಿಳಿಯಿತು. ಆಗ ಕೇಳಿಬಂದುದು ಹಳೆಯ ಮಾತೇ: ಓಕ್ಲೆಂಡಿನಲ್ಲಿ ಆಟವನ್ನು ನೋಡಲು ಜನ ಬರುವುದಿಲ್ಲ! ಒಲೆಯನ್ನು ಆರಿಸಿ, ಎಲೆಯನ್ನು ಎತ್ತಿಟ್ಟು, ಅತಿಥಿಗಳು ಬರಲಿಲ್ಲವೆಂದು ಊರೆಲ್ಲ ದೂರುವ ಯಜಮಾನನ ರೀತಿ ಇದು.

ಒಡೆಯನ ಪಕ್ಷದ ವಾದವನ್ನೂ ಇಲ್ಲಿ ಹೇಳದಿರಬಾರದು. ೧೯೬೬ರಲ್ಲಿ ಕಟ್ಟಿದ ಆ ಮೈದಾನವು ಜೀರ್ಣವಾಗಿದ್ದಿತು. ಚರಂಡಿಯ ನೀರು ಆಟಗಾರರ ಕೊಠಡಿಗಳಿಗೆ ನುಗ್ಗಿದುದೂ ಉಂಟು. ಫುಟ್‌ಬಾಲ್ ತಂಡದ ಸಲುವಾಗಿ ನಡುವೆ ಎಬ್ಬಿಸಿದ ಎತ್ತರದ ಆಸನಪಂಕ್ತಿಯು ಹಿಂದಿನ ಬೆಟ್ಟಸಾಲಿನ ನೋಟವನ್ನೇ ಮುಚ್ಚಿಬಿಟ್ಟಿತ್ತು. ಬಂದರಿನ ಬಳಿ ಹೊಸ ಮೈದಾನವನ್ನು ಕಟ್ಟುವ ಸಂಬಂಧದಲ್ಲಿ ನಗರಸಭೆಯೊಡನೆ ವರ್ಷಗಟ್ಟಲೆ ಮಾತುಕತೆಯು ನಡೆದು ಮುರಿದುಬಿದ್ದಿತು. ಅದಕ್ಕೆ ಮುಂಚೆಯೇ ೨೦೧೯ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವು ಕೊಲ್ಲಿಯಾಚೆಗೂ, ೨೦೨೦ರಲ್ಲಿ ಫುಟ್‌ಬಾಲ್ ತಂಡವು ನೆವಾಡಾ ಸಂಸ್ಥಾನದ ಲಾಸ್ ವೇಗಸ್ ನಗರಕ್ಕೂ ಹೋಗಿದ್ದುವು. ಇವೆಲ್ಲವೂ ನಿಜ. ಆದರೆ ಮನೆಯು ಸೋರುವುದು ಬೇರೆ, ಮನೆಯವರಿಗೆ ಅನ್ನವನ್ನಿಕ್ಕದಿರುವುದು ಬೇರೆ. ೨೦೨೩ರ ಏಪ್ರಿಲಿನಲ್ಲಿ ತಂಡವೂ ಲಾಸ್ ವೇಗಸಿಗೆ ಹೋಗುವುದೆಂಬ ವಾರ್ತೆಯು ಹೊರಬಿದ್ದಾಗ, ಅಭಿಮಾನಿಗಳಿಗೆ ಹಿಂದಿನ ಒಂದೊಂದು ಮಾರಾಟದ ಅರ್ಥವೂ ಒಮ್ಮೆಗೇ ಹೊಳೆದಂತಾಯಿತು.

ಆಗ ಅವರು ಕೈಕೊಂಡ ಉಪಾಯವು ಸ್ಮರಣೀಯವಾದುದು. ಅಸಮಾಧಾನವುಳ್ಳ ಜನರು ಸಾಧಾರಣವಾಗಿ ಬಹಿಷ್ಕಾರವನ್ನು ಹೂಡುತ್ತಾರೆ. ಇಲ್ಲಿ ಬಹಿಷ್ಕಾರವು ಒಡೆಯನ ವಾದಕ್ಕೇ ಸಾಕ್ಷಿಯಾಗುತ್ತಿತ್ತು. ಆದುದರಿಂದ ಅವರು ಬಹಿಷ್ಕಾರವನ್ನು ತಿರುಗುಮುರುಗು ಮಾಡಿದರು. ಒಂದು ದಿನವನ್ನು ಗೊತ್ತುಮಾಡಿ, ಬರಲಾಪವರೆಲ್ಲರೂ ಬನ್ನಿರೆಂದು ಕರೆಕೊಟ್ಟರು. ೨೦೨೩ರ ಜೂನ್ ೧೩, ಮಂಗಳವಾರ. ಸೋಲಿನ ಮೇಲೆ ಸೋಲನ್ನು ಕಂಡಿದ್ದ ತಂಡದ ಒಂದು ಸಾಮಾನ್ಯ ಪಂದ್ಯಕ್ಕೆ ೨೭,೭೫೯ ಮಂದಿ ಬಂದು ಕೂಡಿದರು. ಸಾವಿರಾರು ಮಂದಿ ತೊಟ್ಟಿದ್ದ ಹಸುರು ಅಂಗಿಗಳ ಮೇಲೆ ‘ಮಾರು’ ಎಂಬರ್ಥದ ಒಂದೇ ಪದವು ಅಚ್ಚಾಗಿತ್ತು. ಆಟಗಾರರನ್ನು ಮಾರುವ ಒಡೆಯನೇ, ತಂಡವನ್ನೇ ಮಾರಿ ನೀನು ಹೋಗು, ತಂಡವು ಇಲ್ಲಿರಲಿ ಎಂಬುದು ಅದರ ತಾತ್ಪರ್ಯ. ಐದನೆಯ ಸರದಿಯು ಮೊದಲಾದಾಗ ಆ ಜನಸ್ತೋಮವು ಮಾತಿಲ್ಲದೆ ನಿಂತಿತು. ಮರುಕ್ಷಣದಲ್ಲಿ ತಂಡವನ್ನು ಮಾರೆಂಬ ಒಂದೇ ಕೂಗು ಮೈದಾನವನ್ನೆಲ್ಲ ತುಂಬಿತು. ಆಟಗಾರರ ಮೇಲೆ ಅವರಿಗೆ ಕೋಪವಿರಲಿಲ್ಲ. ಬಲವಾದ ಎದುರಾಳಿಯನ್ನು ೨-೧ರಿಂದ ಗೆದ್ದು, ಸತತ ಏಳನೆಯ ಗೆಲವನ್ನು ಸಾಧಿಸಿದ ಆ ಎಳೆಯರನ್ನು ಅವರು ಮನಸಾರೆ ಕೊಂಡಾಡಿದರು. ಆ ದಿನದ ಟಿಕೀಟಿನ ಹಣವನ್ನು ಕಛೇರಿಯವರು ದಾನಕ್ಕೆ ಕೊಟ್ಟರು.

ಅಂದೇ ನೆವಾಡಾ ಸಂಸ್ಥಾನದ ಮೇಲ್ಮನೆಯು ಹೊಸ ಮೈದಾನಕ್ಕಾಗಿ ಸಾರ್ವಜನಿಕರ ಹಣದಲ್ಲಿ ೩೮ ಕೋಟಿ ಡಾಲರುಗಳವರೆಗೆ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಎರಡು ದಿನಗಳಲ್ಲಿ ಅದು ಶಾಸನವಾಯಿತು. ನವೆಂಬರಿನಲ್ಲಿ ೩೦ ತಂಡಗಳ ಒಡೆಯರೂ ಒಮ್ಮತದಿಂದ ವಲಸೆಗೆ ಒಪ್ಪಿಗೆಯನ್ನಿತ್ತರು. ಒಬ್ಬನಾದರೂ ಭಿನ್ನಮತವನ್ನು ಸೂಚಿಸಲಿಲ್ಲ. ೧೯೭೬ರಲ್ಲಿ ಮೂವರು ಆಟಗಾರರ ಕ್ರಯವನ್ನು ತಡೆದ ‘ಬೇಸ್‌ಬಾಲಿನ ಹಿತ’ವೆಂಬ ಸೂತ್ರವು ಒಂದು ಊರಿನ ತಂಡವೇ ಹೊರಟಾಗ ಯಾರ ನೆನಪಿಗೂ ಬರಲಿಲ್ಲ. ೨೦೨೪ರ ಸೆಪ್ಟೆಂಬರ್ ೨೬ರಂದು ಓಕ್ಲೆಂಡಿನ ಕಡೆಯ ಪಂದ್ಯ. ೪೬,೮೮೯ ಮಂದಿ ನೆರೆದರು. ತಂಡವು ಟೆಕ್ಸಸ್ ರೇಂಜರ್ಸನ್ನು ೩-೨ರಿಂದ ಗೆದ್ದಿತು. ಆಟ ಮುಗಿದ ಮೇಲೆ ಮೈದಾನದ ಕೆಲಸಗಾರರು ಕೊಟ್ಟ ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು ಮನೆಗೆ ಹೋದವರಿದ್ದರು. ೨೦೨೫ರಿಂದ ತಂಡವು ಸ್ಯಾಕ್ರಮೆಂಟೋ ನಗರದ ಬಳಿ ಸುಮಾರು ೧೪,೦೦೦ ಜನರು ಹಿಡಿಸುವ ಚಿಕ್ಕ ಮೈದಾನದಲ್ಲಿ ಬಿಡಾರ ಮಾಡಿದೆ. ಅದರ ಹೆಸರಿನ ಹಿಂದೆ ಈಗ ಯಾವ ಊರಿನ ಹೆಸರೂ ಇಲ್ಲ.

ಇದಕ್ಕೆಲ್ಲ ಅವಕಾಶ ದೊರೆತುದು ಹೇಗೆ? ೧೯೨೨ರಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಬೇಸ್‌ಬಾಲಿನ ಪ್ರದರ್ಶನವು ಸಂಸ್ಥಾನ ಸಂಸ್ಥಾನಗಳ ನಡುವಣ ವಾಣಿಜ್ಯವಲ್ಲವೆಂದು ತೀರ್ಪಿತ್ತಿತು. ಏಕಸ್ವಾಮ್ಯವನ್ನು ನಿಷೇಧಿಸುವ ಕಾನೂನು ಅದಕ್ಕೆ ತಗುಲದೆಹೋಯಿತು. ಹೀಗೆ ತಂಡಗಳ ಸಂಖ್ಯೆಯು ಒಡೆಯರ ಕೂಟದ ಕೈಯಲ್ಲಿ ಉಳಿಯಿತು. ಬೇಡುವ ಊರುಗಳು ಹಲವು, ಇರುವ ತಂಡಗಳು ಕೆಲವು. ಕಿರಾಣಿ ಅಂಗಡಿಯವನು ಕೆಟ್ಟ ಅಕ್ಕಿಯನ್ನು ಕೊಟ್ಟರೆ ಗಿರಾಕಿಯು ಎದುರಂಗಡಿಗೆ ಹೋಗುತ್ತಾನೆ. ತಂಡದ ಅಭಿಮಾನಿಗೆ ಎದುರಂಗಡಿಯಿಲ್ಲ. ಇದ್ದರೂ ಅವನು ಹೋಗಲಾರನು. ಒಡೆಯನ ಬಲವಿರುವುದು ಆ ನಿಷ್ಠೆಯಲ್ಲಿಯೇ.

ನಮ್ಮ ಧರ್ಮಶಾಸ್ತ್ರಕಾರರು ಸ್ವತ್ವವೆಂದರೇನು, ಅದು ಹೇಗೆ ಹುಟ್ಟುತ್ತದೆ ಎಂಬ ವಿಚಾರದಲ್ಲಿ ಬಹಳ ಶ್ರಮಪಟ್ಟಿದ್ದಾರೆ. ಇಟ್ಟುಕೊಳ್ಳಲೆಂದು ಒಪ್ಪಿಸಿದ ವಸ್ತುವನ್ನು ಅವರು ನಿಕ್ಷೇಪವೆಂದು ಕರೆದು, ಅದನ್ನು ಕೆಡಿಸಿದವನಿಗೆ ದಂಡವನ್ನು ವಿಧಿಸಿದರು. ತಂಡದಲ್ಲಿ ಒಡೆಯನದು ಯಾವುದು, ಊರವರ ನಿಕ್ಷೇಪವು ಯಾವುದು? ಕರಾರುಗಳು, ಕಛೇರಿ, ಲೆಕ್ಕದ ಪುಸ್ತಕಗಳು ನಿಸ್ಸಂಶಯವಾಗಿ ಒಡೆಯನವು. ತಂದೆಯು ಮಗನ ಕೈಹಿಡಿದು ಕರೆದುಕೊಂಡು ಹೋದ ಐವತ್ತೇಳು ವರ್ಷಗಳ ರೂಢಿಯು ಅವನದಲ್ಲ. ಆದರೆ ಆ ರೂಢಿಯೇ ಇಲ್ಲದಿದ್ದರೆ ಕರಾರುಗಳಿಗೆ ಬೆಲೆಯೂ ಇಲ್ಲ. ಇದನ್ನು ಬಲ್ಲ ಒಡೆಯನು ಆಟಗಾರನನ್ನು ಬಿಟ್ಟುಕೊಡುವಾಗ ಒಂದು ಪ್ರಶ್ನೆಗೆ ಉತ್ತರವನ್ನು ಕೊಡಬಲ್ಲವನಾಗಿರುತ್ತಾನೆ: ಕೊಟ್ಟುದಕ್ಕೆ ಬದಲಾಗಿ ಬಂದುದು ತಂಡಕ್ಕೆ ಸೇರಿತೆ, ತನ್ನ ಪೆಟ್ಟಿಗೆಗೆ ಸೇರಿತೆ? ಮೊದಲನೆಯದಾದರೆ ಅಭಿಮಾನಿಯು ಗೊಣಗಿಕೊಂಡಾದರೂ ಕಾಯುತ್ತಾನೆ. ಎರಡನೆಯದಾದರೆ ಅವನ ಸಿಟ್ಟನ್ನು ಹುಚ್ಚೆನ್ನಲಾಗದು. ನಿಕ್ಷೇಪವನ್ನು ಕಳೆದುಕೊಂಡವನ ನ್ಯಾಯವಾದ ದೂರು ಅದು.

ಓಕ್ಲೆಂಡಿನ ಜನರು ದೂರಿಕೊಂಡೇ ಕುಳಿತಿರಲಿಲ್ಲ. ಬ್ಯಾಲರ್ಸ್ ಎಂಬ ಹೊಸ ತಂಡವೊಂದು ೨೦೨೪ರಿಂದ ಊರಿನ ಪಶ್ಚಿಮ ಭಾಗದ ರೈಮಾಂಡಿ ಪಾರ್ಕಿನಲ್ಲಿ ಆಡುತ್ತಿದೆ. ಅದು ಸೇರಿರುವ ಪಯೊನೀರ್ ಲೀಗ್ ಕೆಳಗಿನ ದರ್ಜೆಯದು. ಪ್ರಸಿದ್ಧರಾದ ಆಟಗಾರರು ಅಲ್ಲಿಲ್ಲ. ಆದರೆ ಆ ತಂಡದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಸಾಮಾನ್ಯ ಜನರು ಹಣವನ್ನು ಹಾಕಿ ಪಾಲುಗಾರರಾಗಿದ್ದಾರೆ. ಸ್ವಾಮ್ಯವೂ ಮಮತೆಯೂ ಅಲ್ಲಿ, ಸ್ವಲ್ಪ ಮಟ್ಟಿಗಾದರೂ, ಒಂದೇ ಮನೆಯಲ್ಲಿ ಕೂಡಿ ಬಾಳುತ್ತಿವೆ. ೨೦೨೫ರಲ್ಲಿ ಆ ಲೀಗಿನ ಪ್ರಶಸ್ತಿಯನ್ನು ಅವರೇ ಗೆದ್ದರು.